ನೀರಿನ ಟ್ಯಾಂಕರಿನ ಕಿವುಡು ಸೆಟ್ಟು

ಆ ಟ್ಯಾಂಕರಿನ ವಾಯರ್‌ಲೆಸ್ ಸೆಟ್ಟು ಮೊದಲ ಸಲ ನನ್ನ ಬೆಂಚಿನ ಮೇಲೆ ಬಂದಾಗ ಅದರಲ್ಲಿ ದೋಷವೇ ಕಾಣಲಿಲ್ಲ. ನಮ್ಮ ಕಸುಬಿನಲ್ಲಿ ಇದಕ್ಕಿಂತ ಕೆಟ್ಟ ಸುದ್ದಿ ಇನ್ನೊಂದಿಲ್ಲ. ಪೂರ್ತಿ ಸತ್ತ ಸೆಟ್ಟನ್ನು ಬಿಚ್ಚಿದರೆ ಎಲ್ಲೋ ಒಂದು ಕಡೆ ಸುಟ್ಟಿದ್ದು ಕಣ್ಣಿಗೆ ಬೀಳುತ್ತದೆ. ಆಗೊಮ್ಮೆ ಈಗೊಮ್ಮೆ ಕೈಕೊಡುವ ಸೆಟ್ಟು ರಿಪೇರಿಯವನ ಮುಂದೆ ಬಂದ ಕೂಡಲೇ ಸಂಭಾವಿತನಾಗಿಬಿಡುತ್ತದೆ. ನಮಗೆ ತಲೆ ಕೆಡುತ್ತದೆ, ತಂದವನು ಸುಳ್ಳ ಅನ್ನಿಸಿಕೊಳ್ಳುತ್ತಾನೆ.

ನನ್ನ ಊರು ಗಡಹಿಂಗ್ಲಜ, ಅಂಗಡಿ ಇಚಲಕರಂಜಿಯಲ್ಲಿ. ಎಡಕ್ಕೂ ಬಲಕ್ಕೂ ಮಗ್ಗದ ಶೆಡ್ಡುಗಳು, ಇಡೀ ದಿನ ಖಟಖಟ. ಗಾಡಿಗಳಿಗೆ ಕೂರಿಸುವ ವಾಯರ್‌ಲೆಸ್ ಸೆಟ್ಟುಗಳ ರಿಪೇರಿ ನನ್ನ ಕೆಲಸ. ಒಂದು ಸಕ್ಕರೆ ಕಾರ್ಖಾನೆ ತನ್ನ ಗಾಡಿಗಳ ಸೆಟ್ಟುಗಳನ್ನೆಲ್ಲ ನನಗೆ ಒಪ್ಪಿಸಿತ್ತು. ಹೆಸರು ಹೇಳುವುದಿಲ್ಲ, ಹೇಳಿದರೆ ಆಗುವುದೂ ಏನಿಲ್ಲ. ಅದರಲ್ಲಿ ಒಂದು ಬೆಂಕಿ ಆರಿಸುವ ನೀರಿನ ಟ್ಯಾಂಕರಿನದು. ಕಬ್ಬು ಕಡಿಯುವ ಹಂಗಾಮಿನಲ್ಲಿ ಹೊಲಕ್ಕೆ ಬೆಂಕಿ ಬೀಳುವುದು ನಮ್ಮ ಕಡೆ ಹೊಸದಲ್ಲ. ಗಾಳಿಗೆ ಎರಡು ಕರೆಂಟಿನ ತಂತಿ ತಗುಲಿ ಕಿಡಿ ಉದುರಿದರೆ ಸಾಕು, ಕಬ್ಬಿನ ಒಣ ಗರಿ, ಅಂದರೆ ರವದಿ, ಹೊತ್ತಿಕೊಳ್ಳುತ್ತದೆ. ಅದಕ್ಕೆಂದೇ ಕಾರ್ಖಾನೆಯವರು ಟ್ಯಾಂಕರಿಗೆ ಭರ್ತಿ ನೀರು ತುಂಬಿ ಹಳ್ಳಿಗಳ ನಡುವೆ ಕಾಲುವೆ ದಂಡೆಯ ಜಾಲಿ ಮರದ ಕೆಳಗೆ ನಿಲ್ಲಿಸುತ್ತಿದ್ದರು. ಬೆಂಕಿ ಬಿದ್ದರೆ ಕಾರ್ಖಾನೆಯ ಕಂಟ್ರೋಲ್ ರೂಮಿನಿಂದ ವಾಯರ್‌ಲೆಸ್ಸಿನಲ್ಲಿ ಕರೆ ಹೋಗುತ್ತಿತ್ತು.

ಮೊಬೈಲ್ ಇರುವಾಗ ಇದೆಲ್ಲ ಯಾಕೆ ಎಂದು ಕೇಳುವವರಿಗೆ ನಮ್ಮ ಕಡೆಯ ಸ್ವಭಾವ ಗೊತ್ತಿಲ್ಲ. ಹಿಂದೊಮ್ಮೆ ಡ್ರೈವರನ ಹತ್ತಿರ ಮೊಬೈಲ್ ಇತ್ತು. ಹೊಗೆ ಕಂಡ ಕೂಡಲೇ ಆ ಡೈರೆಕ್ಟರನ ಅಳಿಯ, ಈ ಡೈರೆಕ್ಟರನ ಕಾಕಾ, ಎಲ್ಲರೂ ಅವನಿಗೇ ಫೋನ್ ಹಚ್ಚಿ ಮೊದಲು ನಮ್ಮ ಹೊಲಕ್ಕೆ ಬಾ ಎನ್ನುತ್ತಿದ್ದರು. ಟ್ಯಾಂಕರು ಎತ್ತಲೂ ಹೋಗದೆ ಕೂಡು ರಸ್ತೆಯಲ್ಲಿ ನಿಂತ ಉದಾಹರಣೆಯೂ ಉಂಟು. ಆಮೇಲೆ ನಿಯಮ ಬಂತು. ಡ್ಯೂಟಿಗೆ ಹೋಗುವ ಡ್ರೈವರ್ ತನ್ನ ಮೊಬೈಲನ್ನು ಗೇಟಿನಲ್ಲಿ ಇಟ್ಟು ಹೋಗಬೇಕು, ಕಂಟ್ರೋಲ್ ರೂಮಿನ ಮಾತನ್ನಷ್ಟೇ ಕೇಳಬೇಕು. ಹಾಗಾಗಿ ಆ ಡ್ರೈವರನಿಗೆ ಜಗತ್ತಿನ ಜೊತೆ ಇದ್ದ ನಂಟು ಆ ಸೆಟ್ಟೊಂದೇ.

ಡ್ರೈವರ್ ಉತ್ತೂರ ಕಡೆಯವನು. ಅಪ್ಪ ಕುರಿ ಕಾಯ್ದವನು, ಇವನು ಸ್ಟೇರಿಂಗ್ ಹಿಡಿದ. ನನಗಿಂತ ದೊಡ್ಡವನಾದ್ದರಿಂದ ನಾನು ಮಾಮಾ ಎನ್ನುತ್ತಿದ್ದೆ, ಅವನು ನನ್ನನ್ನು ಮಿಸ್ತ್ರಿ ಎನ್ನುತ್ತಿದ್ದ. ದೀಪಾವಳಿ ಮುಗಿದ ಮೇಲೆ ಒಂದು ದಿನ ತಾನೇ ಸೆಟ್ಟು ಬಿಚ್ಚಿಸಿಕೊಂಡು ಬಂದ.

"ಮಿಸ್ತ್ರಿ, ಇದು ಒಮ್ಮೆ ಮಾತಾಡತದ, ಒಮ್ಮೆ ಸುಮ್ಮ ಕುಂದರತದ. ದೀಪ ಹತ್ತೇ ಇರತದರಿ. ಕಂಟ್ರೋಲದಾವ ಒದರಿ ಒದರಿ ಸಾಕಾಗಿ, ಮಲಗಿದ್ದಿ ಏನಲೇ ಅಂತ ಬೈತಾನ. ನನಗ ಒಂದ ಅಕ್ಷರ ಕೇಳಿಸಿರೂದಿಲ್ಲ."

ಏರಿಯಲ್ ಜಾಗದಲ್ಲಿ ಡಮ್ಮಿ ಲೋಡ್ ಎಂಬ ನಕಲಿ ಏರಿಯಲ್ ಹಚ್ಚಿ ಪವರ್ ನೋಡಿದೆ. ಸರಿ ಇತ್ತು. ಸೆಟ್ಟಿನ ಕಿವಿ ಎಷ್ಟು ಸೂಕ್ಷ್ಮ ಎಂದು ನೋಡಿದೆ, ಅದೂ ಸರಿ. ಹೇರ್ ಡ್ರೈಯರಿನಿಂದ ಕಾಸಿದೆ, ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದೆ. ಬಗ್ಗಲಿಲ್ಲ. ಮೈಕಿನ ಸುರುಳಿ ವಾಯರನ್ನು ಬುಡದಲ್ಲಿ ಬಗ್ಗಿಸಿದಾಗ ಮಾತ್ರ ಬಟನ್ ಒಮ್ಮೆ ತಪ್ಪಿತು. ಸಿಕ್ಕಿತು ಕಳ್ಳ ಎಂದು ಖುಷಿಪಟ್ಟು ಮೈಕ್ ಬದಲಿಸಿ ಕಳಿಸಿದೆ. ಆದರೆ ಮೈಕ್ ಕೆಟ್ಟರೆ ಮಾತು ಹೋಗುವುದಿಲ್ಲ ಅಷ್ಟೆ, ಬರುವ ಮಾತು ಯಾಕೆ ನಿಲ್ಲಬೇಕು? ಆ ಪ್ರಶ್ನೆ ನನಗೂ ಬಂದಿತ್ತು. ಒಂದು ದೋಷ ಸಿಕ್ಕ ಸಮಾಧಾನದಲ್ಲಿ ಅದು ಹಿಂದೆ ಸರಿಯಿತು.

ಎರಡನೇ ಸಲ ನಾನೇ ಕಾರ್ಖಾನೆಯ ವರ್ಕ್‌ಶಾಪಿಗೆ ಹೋದೆ. ಬ್ಯಾಟರಿಯಿಂದ ಸೆಟ್ಟಿಗೆ ಬರುವ ಫ್ಯೂಜಿನ ಡಬ್ಬಿಯಲ್ಲಿ ಹಸಿರು ಕಿಲುಬು ಹಿಡಿದಿತ್ತು. ತೆಗೆದು ಹೊಸದು ಹಾಕಿದೆ. ಏರಿಯಲ್ಲಿನ ಕ್ಲಾಂಪಿಗೆ ಒಂದು ತುದಿ, ಗಾಡಿಯ ಮೈಗೆ ಇನ್ನೊಂದು ತುದಿ ಹಚ್ಚಿ ನೋಡಿದಾಗ ಸಂಪರ್ಕ ಸರಿ ಇದೆ ಎಂದು ಮಲ್ಟಿಮೀಟರ್ ಬೀಪ್ ಅಂದಿತು. ಅಂಗಳದಲ್ಲಿ ಮಾತಾಡಿಸಿದೆವು, ಗಂಟೆ ಬಾರಿಸಿದ ಹಾಗೆ ಸ್ಪಷ್ಟ. ಮಾಮಾ ನಕ್ಕು ಚಹಾ ಕುಡಿಸಿದ. ಮರುವಾರ ಮತ್ತೆ ಅದೇ ರಾಗ.

ಮೂರನೇ ಸಲ ಹೋಗುವಷ್ಟರಲ್ಲಿ ಹೊಲ ಸುಟ್ಟಿತ್ತು.

ಮಧ್ಯಾಹ್ನದ ಹೊತ್ತು, ಹೊಳೆ ದಂಡೆಯ ಹಳ್ಳಿಯಲ್ಲಿ ಬೆಂಕಿ ಬಿತ್ತು. ಕಂಟ್ರೋಲ್ ರೂಮಿನವನು ಕರೆದೇ ಕರೆದ. ಟ್ಯಾಂಕರಿನಿಂದ ಉತ್ತರವಿಲ್ಲ. ದೂರದಲ್ಲಿ ಹೊಗೆ ಕಾಣಿಸುತ್ತಿದ್ದದ್ದು ನಿಜ, ಆದರೆ ಹಂಗಾಮಿನಲ್ಲಿ ರವದಿ ಸುಡುವವರ ಹೊಗೆ ನಾಲ್ಕೂ ಕಡೆ ಇರುತ್ತದೆ. ಯಾರೋ ಬೈಕಿನಲ್ಲಿ ಹೋಗಿ ಹೇಳಿದ ಮೇಲೆ ಮಾಮಾ ಗಾಡಿ ಓಡಿಸಿಕೊಂಡು ಬಂದ. ಆಗ ಆರಿಸಲು ಉಳಿದದ್ದು ಕರಿ ಕೋಲುಗಳು. ಹೊಲ ಯಾರದು ಎಂದರೆ ಮಾಮಾನ ಹೆಂಡತಿಯ ಸ್ವಂತ ತಮ್ಮನದು.

ಕಾರ್ಖಾನೆಯಲ್ಲಿ ಕಬ್ಬಿನ ವ್ಯವಹಾರವನ್ನೆಲ್ಲ ನೋಡುವ ಅಧಿಕಾರಿಗೆ ಶೇತಕಿ ಸಾಹೇಬ ಎನ್ನುತ್ತಾರೆ. ಯಾರ ಕಬ್ಬು ಯಾವಾಗ ಕಡಿಯಬೇಕು ಎನ್ನುವುದು ಅವರ ಬಾಯಲ್ಲಿದೆ, ಆದ್ದರಿಂದ ಇಡೀ ಸೀಮೆ ಅವರ ಮುಂದೆ ತಲೆಬಾಗಿ ನಿಲ್ಲುತ್ತದೆ. ಅವರು ಸೆಟ್ಟನ್ನು ನನ್ನ ಅಂಗಡಿಗೆ ಕಳಿಸಿದರು. ನಾನು ಮತ್ತೆ ಬೆಂಚಿನ ಮೇಲೆ ನೋಡಿ ಫೋನಿನಲ್ಲಿ ಹೇಳಿದೆ.

"ಸಾಹೇಬ್ರ, ಬೆಂಚಿನ ಮ್ಯಾಲ ಸೆಟ್ ಛಲೋ ಅದ. ಆದ್ರ ಗಾಡ್ಯಾಗ ಕುಂದರಿಸಿ ನೋಡೂತನಕಾ ನಾ ಏನೂ ಹೇಳಾಕ ಬರೂದಿಲ್ಲ."

"ಸೆಟ್ ಛಲೋ ಅದ ಅಂದ್ರಲ್ಲ, ಆತು. ಬಾಕಿದ್ದು ಆಮ್ಹಿ ಬಘತೋ."

ಉಳಿದದ್ದನ್ನು ನಾವು ನೋಡಿಕೊಳ್ಳುತ್ತೇವೆ ಎಂದು ಮರಾಠಿಯಲ್ಲಿ ಹೇಳಿ ಫೋನ್ ಇಟ್ಟರು. ನನ್ನ ಮಾತಿನ ಅರ್ಧವನ್ನು ಕತ್ತರಿಸಿ ಜೇಬಿಗೆ ಹಾಕಿಕೊಂಡರು. ಸಂಜೆಯೊಳಗೆ ಮಾಮಾನಿಗೆ ನಾಳೆಯಿಂದ ಬರಬೇಡ ಎಂದಾಯಿತು. ಸೆಟ್ಟು ಸರಿ ಇದೆ ಎಂದು ಇಚಲಕರಂಜಿಯ ಮಿಸ್ತ್ರಿ ಹೇಳಿದ್ದಾನೆ, ಅಂದಮೇಲೆ ಡ್ರೈವರ್ ಮಲಗಿದ್ದ. ಈ ಮಾತು ಗೇಟಿನಿಂದ ಹಳ್ಳಿ ಹಳ್ಳಿಗೂ ಹೋಯಿತು.

ಮಾಮಾ ಅಂಗಡಿಗೆ ಬಂದ. ಜಗಳಾಡುತ್ತಾನೆ ಎಂದುಕೊಂಡಿದ್ದೆ. ಸ್ಟೂಲಿನ ಮೇಲೆ ಕುಳಿತು ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ.

"ಮಿಸ್ತ್ರಿ, ಒಂದ ಕೇಳ್ತೇನಿ, ಖರೇ ಹೇಳ್ರಿ. ಕುಂತಲ್ಲೇ ಮನಷ್ಯಾಗ ಗೊತ್ತಿಲ್ದಂಗ ಜೋಂಪ ಹತ್ತತದೇನ್ರಿ?"

"ಯಾಕ ಮಾಮಾ ಹಂಗ ಕೇಳ್ತೀರಿ?"

"ಮೊದ್ಲ ನಾ ಮಲಗಿಲ್ಲ ಮಲಗಿಲ್ಲ ಅಂತ ಜಗಳಾ ಮಾಡಿದ್ನಿ. ಸಾಹೇಬ್ರೂ ಮಲಗಿದ್ದಿ ಅಂತಾರ, ಕಂಟ್ರೋಲದಾವನೂ ಅಂತಾನ, ಹೆಂಡತಿ ತಮ್ಮಾ ಬಾಗಲದಾಗ ನಿಂತು ನಮ್ಮ ಕಬ್ಬ ಸುಡೂ ಹೊತ್ತಿಗೆ ನಿದ್ದಿ ಹೊಡದಿ ಅಂದಾ. ಈಗ ರಾತ್ರಿ ಬಿದ್ಕೊಂಡ ಇಚಾರ ಮಾಡಿದ್ರ ನನಗ ಖಾತ್ರಿ ಇಲ್ರಿ. ಮಲಗಿದ್ನೇನೋ ಅನಸಾಕತ್ತೇತಿ."

ಅವನ ಹೆಂಡತಿ ತವರಿಗೆ ಹೋದರೆ ಮಾತಾಡಿಸುವವರಿಲ್ಲ ಎಂದೂ ಹೇಳಿದ. ಕೆಲಸ ಹೋಗುವುದು ಬೇರೆ, ತನ್ನ ಎಚ್ಚರದ ಮೇಲೆ ತನಗೇ ನಂಬಿಕೆ ಹೋಗುವುದು ಬೇರೆ. ಅವನಿಗೆ ನಾನು ಸಮಾಧಾನ ಹೇಳಲಿಲ್ಲ. ಕೊಲ್ಹಾಪುರಕ್ಕೆ ಹೋಗಿ, ಗುರುತಿನವನೊಬ್ಬನಿಂದ ಸೆಟ್ಟಿಗೂ ಏರಿಯಲ್ಲಿಗೂ ನಡುವೆ ಜೋಡಿಸುವ ವಾಟ್ ಮೀಟರನ್ನು ಕೇಳಿ ತಂದೆ. ನನ್ನದು ಹಳತಾಗಿ ಮುಳ್ಳು ಅಂಟಿಕೊಳ್ಳುತ್ತಿತ್ತು. ಸೆಟ್ಟಿನಿಂದ ಹೊರಟ ಶಕ್ತಿ ಗಾಳಿಗೆ ಹೋಗುತ್ತಿದೆಯೋ, ಏರಿಯಲ್ಲಿಗೆ ಬಡಿದು ತಿರುಗಿ ಬರುತ್ತಿದೆಯೋ ಎನ್ನುವುದನ್ನು ಆ ಮೀಟರು ತೋರಿಸುತ್ತದೆ.

ಸೆಟ್ಟು ಮತ್ತೆ ಗಾಡಿಯಲ್ಲಿ ಕೂತಿತ್ತು, ಟ್ಯಾಂಕರಿಗೆ ಬೇರೆ ಡ್ರೈವರ್ ಬಂದಿದ್ದ. ಅವನಿಗೂ ಕರೆ ಕೇಳಿಸುತ್ತಿರಲಿಲ್ಲ. ಆದರೆ ಅವನು ಜಾಣ, ದೂರು ಹೇಳುವುದರ ಬದಲು ಗಳಿಗೆಗೊಮ್ಮೆ ಹತ್ತಿರದ ಕಬ್ಬಿನ ಆಫೀಸಿಗೆ ನಡೆದು ಹೋಗಿ ಏನಾದರೂ ಇದೆಯಾ ಎಂದು ವಿಚಾರಿಸಿ ಬರುತ್ತಿದ್ದ. ಹಿಂದಿನವನಿಗೆ ಆದದ್ದನ್ನು ಕಣ್ಣಾರೆ ಕಂಡವನು ಬಾಯಿ ಯಾಕೆ ಬಿಡುತ್ತಾನೆ?

ವರ್ಕ್‌ಶಾಪಿನ ಅಂಗಳದಲ್ಲಿ ಮೀಟರ್ ಜೋಡಿಸಿ ಬಟನ್ ಒತ್ತಿದೆ. ತಿರುಗಿ ಬರುವ ಶಕ್ತಿಯ ಮುಳ್ಳು ಕದಲಲೇ ಇಲ್ಲ. ಕೇಬಲ್ ಹಿಂಡಿದೆ, ಕನೆಕ್ಟರ್ ತಿರುಚಿದೆ, ಇಂಜಿನ್ ಚಾಲೂ ಮಾಡಿಸಿದೆ. ಎಲ್ಲ ಚಂದ. ಬೆಳಗಿನಿಂದ ಬಿಸಿಲಲ್ಲಿ ಕುಳಿತು ಕಣ್ಣು ಉರಿಯುತ್ತಿತ್ತು. ಸೋತು, ಮೀಟರನ್ನು ಬಿಚ್ಚುವುದಕ್ಕೂ ಬೇಸರವಾಗಿ, ಎದುರಿನ ಕ್ಯಾಂಟೀನಿಗೆ ಚಹಾಕ್ಕೆ ಹೋದೆ. ಅಷ್ಟರಲ್ಲಿ ಹೊಸ ಡ್ರೈವರ್ ಹೊರಡುವ ತಯಾರಿಯಲ್ಲಿ ಟ್ಯಾಂಕಿಗೆ ಪೈಪ್ ಹಚ್ಚಿ ನೀರು ತುಂಬಿಸಿದ್ದ. ತಿರುಗಿ ಬಂದವನು ಮೀಟರ್ ಬಿಚ್ಚುವ ಮೊದಲು ಸುಮ್ಮನೆ ಒಮ್ಮೆ ಬಟನ್ ಒತ್ತಿದೆ. ಹೋದ ಶಕ್ತಿಯೆಲ್ಲ ಬಾಲ ಮುದುರಿಕೊಂಡು ತಿರುಗಿ ಬಂತು.

ಅಲ್ಲೇ ನನಗೆ ತಿಳಿಯಿತು. ವರ್ಕ್‌ಶಾಪಿನ ರಿಪೇರಿ ಕಟ್ಟೆ ಭಾರ ತಾಳುವುದಿಲ್ಲವೆಂದು ರಿಪೇರಿಗೆ ಬರುವ ಟ್ಯಾಂಕರು ಮೊದಲೇ ನೀರು ಚೆಲ್ಲಿ ಬರಬೇಕು ಎಂಬ ಪದ್ಧತಿ ಇತ್ತು. ಅಂದರೆ ನಾನು ಆ ಗಾಡಿಯನ್ನು ಯಾವಾಗ ನೋಡಿದರೂ ಖಾಲಿ ಇದ್ದಾಗಲೇ ನೋಡಿದ್ದೆ. ಮಾಮಾ ಕಾಲುವೆ ದಂಡೆಯಲ್ಲಿ ಕಾದು ಕುಳಿತದ್ದು ಯಾವಾಗಲೂ ತುಂಬಿದ ಗಾಡಿಯಲ್ಲಿ. ಸೆಟ್ಟನ್ನು ಬೆಂಚಿಗೆ ತಂದು ತಂದು ಕಾಸಿದ ನನ್ನನ್ನು ನಾನೇ ಬೈದುಕೊಂಡೆ.

ಏರಿಯಲ್ ಇದ್ದದ್ದು ಟ್ಯಾಂಕಿನ ಮುಂದಿನ ಕಬ್ಬಿಣದ ಚೌಕಟ್ಟಿನ ಮೇಲೆ. ಏಣಿ ಹತ್ತಿದೆ. ಕೇಬಲನ್ನು ಚೌಕಟ್ಟಿಗೆ ಬಿಗಿಯಾಗಿ ಕಟ್ಟಿದ್ದರು. ನೀರಿನ ಭಾರಕ್ಕೆ ಚೌಕಟ್ಟು ಸ್ವಲ್ಪ ಹಿಂದಕ್ಕೆ ವಾಲಿದಾಗ ಕೇಬಲ್ ಎಳೆದು, ಏರಿಯಲ್ಲಿನ ಕ್ಲಾಂಪು ಕೂದಲೆಳೆಯಷ್ಟು ಸೊಟ್ಟಗಾಗುತ್ತಿತ್ತು. ಬೋಲ್ಟು ಸಡಿಲಿಸಿ ಕ್ಲಾಂಪನ್ನು ಎತ್ತಿ ನೋಡಿದೆ. ಕ್ಲಾಂಪಿನ ಕೆಳಗೆ ಹೊಳೆಯುವ ಕೇಸರಿ ಆಯಿಲ್ ಪೇಂಟ್. ಕ್ಲಾಂಪಿನ ಹೊಟ್ಟೆಗೂ ಪೇಂಟ್, ನಟ್ಟಿನ ಕೆಳಗೂ ಪೇಂಟ್. ಗಾಡಿಯ ಏರಿಯಲ್ ಒಂಟಿ ಕೋಲಲ್ಲ, ಗಾಡಿಯ ಕಬ್ಬಿಣದ ಮೈ ಅದರ ಇನ್ನೊಂದು ಅರ್ಧ. ಆ ಮೈಗೂ ಏರಿಯಲ್ಲಿಗೂ ಇದ್ದ ಸಂಬಂಧ ಬೋಲ್ಟಿನ ಒಂದೆರಡು ಹಲ್ಲು ತೂತಿನ ಅಂಚಿಗೆ ತಾಗಿದಷ್ಟು ಮಾತ್ರ. ಗಾಡಿ ಖಾಲಿ ಇದ್ದಾಗ ತಾಗುತ್ತಿತ್ತು, ತುಂಬಿದಾಗ ಬಿಡುತ್ತಿತ್ತು.

ಕಾರ್ಖಾನೆಯ ಪೇಂಟರ್ ಅಲ್ಲೇ ಎತ್ತಿನ ಗಾಡಿಯೊಂದಕ್ಕೆ ನಂಬರ್ ಬರೆಯುತ್ತಿದ್ದ. ಕೇಳಿದೆ.

"ಖಂಡೇನವಮಿ ಪೂಜಾಕ್ಕ ಹಚ್ಚಿದ್ದರಿ. ಚೇರಮನ್ ಸಾಹೇಬ್ರು ತೆಂಗಿನಕಾಯಿ ಒಡಿಯಾಕ ಬರಾವ್ರಿದ್ರು. ಶೇತಕಿ ಸಾಹೇಬ್ರು ಒಂದ ಗಾಡಿ ಮ್ಯಾಲೂ ಜಂಗ್ ಕಾಣಬಾರದು ಅಂದಿದ್ರು."

"ಕ್ಲಾಂಪ್ ಬಿಚ್ಚಿ ಕೆಳಗೂ ಹಚ್ಚಿಯಲ್ಲೋ?"

"ಮತ್ತ! ಜಂಗ್ ಹಿಡದ ಕಬ್ಬಣಕ್ಕ ಕುಂಕುಮ ಹಚ್ಚೂದೇನ್ರಿ? ಸೆಟ್ಟಿನ ಏರಿಯಲ್ಲಿಗೂ ಪೂಜಾ ಆಗತದಲ್ಲ. ಎರಡ ಕೋಟ್ ಹೊಡದೀನಿ, ಕೆಳಗೂ ಮ್ಯಾಲೂ."

ಮುಖದಲ್ಲಿ ಅಭಿಮಾನವಿತ್ತು. ಅವನನ್ನು ಬೈಯುವುದಕ್ಕೆ ಮನಸ್ಸು ಬರಲಿಲ್ಲ. ನಮ್ಮ ಅಪ್ಪನೂ ಖಂಡೇನವಮಿಯ ಆಯುಧಪೂಜೆಯ ದಿನ ತಮ್ಮ ಅಂಗಡಿಯ ತಕ್ಕಡಿಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ತೂಕದ ಬಟ್ಟುಗಳ ಅಡಿಗೂ ಕುಂಕುಮ ಹಚ್ಚುತ್ತಿದ್ದರು. ಪೂಜೆಗೆ ಇಡುವ ಸಾಮಾನು ಕಣ್ಣಿಗೆ ಕಾಣದ ಕಡೆಯೂ ಚೊಕ್ಕ ಇರಬೇಕು. ಏರಿಯಲ್ಲಿಗೆ ಮಾತ್ರ ಬರೀ ಕಬ್ಬಿಣ ಬೇಕು ಎಂದು ಅವನಿಗೆ ಹೇಳಿದವರು ಯಾರೂ ಇರಲಿಲ್ಲ.

ಪಾಲಿಶ್ ಪೇಪರ್ ನನ್ನ ಚೀಲದಲ್ಲೇ ಇತ್ತು. ನಾಲ್ಕು ಸಲ ತಿಕ್ಕಿದ್ದರೆ ಕೆಲಸ ಮುಗಿಯುತ್ತಿತ್ತು. ಕೈ ತಾನಾಗಿಯೇ ಚೀಲಕ್ಕೆ ಹೋಯಿತು, ಹಿಂದಕ್ಕೆ ತೆಗೆದುಕೊಂಡೆ. ಈಗ ತಿಕ್ಕಿಬಿಟ್ಟರೆ ಸೆಟ್ಟು ಮಾತಾಡುತ್ತದೆ, ಅದು ಎಂದಾದರೂ ಮೂಕವಾಗಿತ್ತು ಎನ್ನುವುದಕ್ಕೆ ನನ್ನ ಬಾಯಿ ಬಿಟ್ಟರೆ ಇನ್ನೇನೂ ಉಳಿಯುವುದಿಲ್ಲ. ಎಲ್ಲರೂ ನೋಡಲಿ, ತುಂಬಿದ ಗಾಡಿ ಹೇಗೆ ಕಿವುಡಾಗುತ್ತದೆ ಎಂದು ಶೇತಕಿ ಸಾಹೇಬರೇ ಬಟನ್ ಒತ್ತಿ ನೋಡಲಿ. ಕ್ಲಾಂಪನ್ನು ಇದ್ದ ಹಾಗೆಯೇ ಕೂರಿಸಿ ಬೋಲ್ಟು ಬಿಗಿದೆ. ಸಿಕ್ಕ ದೋಷವನ್ನು ಸರಿ ಮಾಡದೆ ಬಿಟ್ಟು ಬಂದದ್ದು ನನ್ನ ಕಸುಬಿನಲ್ಲಿ ಅದೊಂದೇ ಸಲ. ಆ ಗಾಡಿಯನ್ನು ಹೊಲದ ಕಡೆ ಕಳಿಸಬೇಡಿ, ಅಂಗಳದಲ್ಲೇ ತುಂಬಿ ನಿಲ್ಲಿಸಿ, ಬದಲಿಗೆ ಬೇರೆ ಟ್ಯಾಂಕರ್ ಕಳಿಸಿ ಎಂದು ವರ್ಕ್‌ಶಾಪಿನವರಿಗೆ ಹೇಳಿ, ಶೇತಕಿ ಸಾಹೇಬರಿಗೆ ಫೋನ್ ಮಾಡಿದೆ. ಪೇಂಟು, ಕ್ಲಾಂಪು, ನೀರಿನ ಭಾರ, ಸರಿ ಮಾಡಲು ಏನು ಕೆರೆಯಬೇಕು, ಏನು ಹಾಕಬೇಕು, ಎಲ್ಲ ಬಿಡಿಸಿ ಹೇಳಿದೆ.

"ಭಾಳ ಛಲೋ ಕೆಲಸ ಮಾಡಿದ್ರಿ. ನಾಳೆ ಮುಂಜಾನೆ ಒಬ್ರು ಡೈರೆಕ್ಟರ್ ಸಾಹೇಬ್ರನ್ನೂ ಕರಸ್ತೇನಿ. ಎಲ್ಲಾರ ಮುಂದ ತೋರಸ್ರಿ," ಎಂದರು.

ಮಾಮಾನಿಗೂ ಫೋನ್ ಮಾಡಿ, ನೀವು ಮಲಗಿರಲಿಲ್ಲ, ಎಚ್ಚರವೇ ಇದ್ದಿರಿ ಎಂದೆ. "ಹೌದೇನ್ರಿ," ಎಂದು ಅತ್ತ.

ಮರುದಿನ ಅಂಗಳದಲ್ಲಿ ಕುರ್ಚಿ ಹಾಕಿದ್ದರು. ಡೈರೆಕ್ಟರು, ಶೇತಕಿ ಸಾಹೇಬರು, ಕಂಟ್ರೋಲ್ ರೂಮಿನವನು, ಒಂದು ಕಡೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮಾಮಾ. ಟ್ಯಾಂಕಿನಲ್ಲಿ ನೀರು ಅಂಚಿನವರೆಗೂ ಇತ್ತು. ನಾನು ಸಣ್ಣ ಭಾಷಣವನ್ನೇ ಮಾಡಿದೆ. ಮೀಟರ್ ಜೋಡಿಸಿ, ಈಗ ನೋಡಿ ಎಂದು ಬಟನ್ ಒತ್ತಿದೆ. ತಿರುಗಿ ಬರುವ ಶಕ್ತಿಯ ಮುಳ್ಳು ಸೊನ್ನೆಯಲ್ಲೇ ಮಲಗಿತ್ತು. ಕಂಟ್ರೋಲ್ ರೂಮಿನಿಂದ ಯಾರದೋ ದನಿ ಅಂಗಳಕ್ಕೆಲ್ಲ ಕೇಳುವಂತೆ, "ಕ್ಲಿಯರ್ ಕ್ಲಿಯರ್," ಎಂದಿತು. ಗಾಡಿಯನ್ನು ಹೊಲದ ದಾರಿಯಲ್ಲಿ ಕುಲುಕಿಸಿಕೊಂಡು ಒಂದು ಸುತ್ತು ತಂದೆವು. ದಾರಿಯುದ್ದಕ್ಕೂ ಕ್ಲಿಯರ್.

ಏಣಿ ಹತ್ತಿ ಕ್ಲಾಂಪು ಬಿಚ್ಚಿದೆ. ಕೆಳಗೆ ಬೆಳ್ಳಗೆ ಹೊಳೆಯುವ ಕಬ್ಬಿಣ. ಪೇಂಟನ್ನು ಯಾರೋ ನೀಟಾಗಿ ಕೆರೆದು, ಹಲ್ಲಿನ ವಾಷರ್ ಕೂಡ ಹಾಕಿದ್ದರು. ಕೇಬಲ್ಲಿನ ಕಟ್ಟನ್ನೂ ಸಡಿಲಿಸಿದ್ದರು. ಫೋನಿನಲ್ಲಿ ನಾನು ಹೇಳಿದ್ದನ್ನು ಒಂದೂ ಬಿಡದೆ ಮಾಡಿದ್ದರು.

"ಇದನ್ನ ರಾತ್ರ್ಯಾಗ ಯಾರೋ ಕೆರದಾರ," ಎಂದು ಮೇಲಿನಿಂದಲೇ ಕೂಗಿದೆ. ಪೇಂಟರನ ಕಡೆ ನೋಡಿದೆ. ಅವನ ಬೆರಳ ಸಂದಿಯಲ್ಲಿ ಕೇಸರಿ ಪುಡಿ ಇನ್ನೂ ಇತ್ತು. ಅವನು ನೆಲ ನೋಡುತ್ತ ನಿಂತಿದ್ದ. ದಿನಗೂಲಿಯವನು, ಅವನ ಬಾಯಿಂದ ಮಾತು ಬರಬೇಕೆಂದು ನಾನು ಯಾವ ಬಾಯಿಂದ ಕೇಳಲಿ?

ಶೇತಕಿ ಸಾಹೇಬರು ನಗುತ್ತ ಎದ್ದು ನಿಂತರು.

"ಮಿಸ್ತ್ರಿ, ನಿನ್ನೆ ದಿನಾ ಪೂರ್ತಿ ಗಾಡಿ ಮ್ಯಾಲ ಹತ್ತಿದಾವ್ರು ನೀವ. ಕೆರದ್ರ ನೀವ ಕೆರದಿರಬೇಕು. ದೋಸ್ತಗ ಸಹಾಯ ಮಾಡಬೇಕು ಅನಸೂದು ತಪ್ಪಲ್ಲರಿ. ಆದ್ರ ಕಾರ್ಖಾನಿಗೆ ಸುಳ್ಳ ಹೇಳಬಾರದು."

ಡೈರೆಕ್ಟರು ಗಡಿಯಾರ ನೋಡಿಕೊಂಡು, "ಸೋಡಾ ಆತಾ," ಎಂದರು. ಬಿಟ್ಟುಬಿಡಿ ಇನ್ನು ಎಂದು ಅರ್ಥ. ಮುಗಿಯಿತು. ಖಂಡೇನವಮಿಗೆ ಪೇಂಟು ಹೊಡೆಸಿದ್ದು ಸಾಹೇಬರ ಆಜ್ಞೆ ಎನ್ನುವ ಮಾತಿನವರೆಗೆ ಸಭೆ ಹೋಗಲೇ ಇಲ್ಲ. ನಾನು ಕ್ಲಾಂಪು ಬಿಗಿದು ಕೆಳಗಿಳಿದೆ. ಸಾಕ್ಷಿಯನ್ನು ಕಾಯ್ದು ಇಡಲು ಗಾಡಿಯನ್ನು ಅಂಗಳದಲ್ಲೇ ನಿಲ್ಲಿಸಿ ಎಂದವನು ನಾನು, ಏನನ್ನು ಕೆರೆಯಬೇಕು ಎಂದು ಹೇಳಿಕೊಟ್ಟವನೂ ನಾನು. ಆ ಸೆಟ್ಟು ಅಂದಿನಿಂದ ಇಂದಿನವರೆಗೆ ಒಮ್ಮೆಯೂ ಕೆಟ್ಟಿಲ್ಲ.

ಗೇಟಿನ ಹೊರಗೆ ಮಾಮಾ ನನ್ನ ಬೈಕಿನ ಹತ್ತಿರ ನಿಂತಿದ್ದ. ಕೆಲಸದ ಮಾತು ಎತ್ತಲಿಲ್ಲ.

"ಮಿಸ್ತ್ರಿ, ಒಂದ ಉಪಕಾರ ಮಾಡ್ರಿ. ಹೆಂಡತಿ ತಮ್ಮನ ಮುಂದ ಬಂದು ನೀವು ಕಂಡಿದ್ದ ಹೇಳ್ರಿ. ಅಂವಾ ಒಬ್ಬಾಂವ ನಂಬಿದ್ರ ಸಾಕು. ಮನಿಯಾಕಿ ತವರಿಗೆ ಹೋಗಿ ಬರಾಕ ದಾರಿ ಆಗತದ."

ಹಾಗೇ ಹಿಂದೆ ಕೂರಿಸಿಕೊಂಡು ಹೊಳೆ ದಂಡೆಯ ಹಳ್ಳಿಗೆ ಹೋದೆ. ಸುಟ್ಟ ಹೊಲದಲ್ಲಿ ಹೊಸ ನೇಗಿಲ ಗೆರೆ ಬಿದ್ದಿತ್ತು. ಅದರಾಚೆ ಅವರದೇ ಇನ್ನೊಂದು ತುಂಡು ಹೊಲದಲ್ಲಿ ಕಬ್ಬು ಇನ್ನೂ ನಿಂತಿತ್ತು, ಹೂವಿನ ತುರಾಯಿ ಬಿಟ್ಟಿತ್ತು. ಮಾಮಾನ ಹೆಂಡತಿಯ ತಮ್ಮ ಕಟ್ಟೆಯ ಮೇಲೆ ಚಾಪೆ ಹಾಸಿದ, ಚಹಾ ತರಿಸಿದ. ನಮ್ಮ ಕಡೆ ಅಕ್ಕನ ಗಂಡನನ್ನು ದಾಜಿ ಎನ್ನುತ್ತಾರೆ. ಅವನು ದಾಜಿಯ ಮುಖ ನೋಡದೆ ನನ್ನನ್ನೇ ನೋಡುತ್ತ ಕುಳಿತ. ನಾನು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಪೇಂಟು ಹಚ್ಚಿದ್ದು, ಕೆರೆದದ್ದು, ಯಾವುದನ್ನೂ ಬಿಡಲಿಲ್ಲ.

"ನೀವು ಇಷ್ಟ ದೂರ ಬರೂದು ಬ್ಯಾಡಾಗಿತ್ರಿ," ಎಂದ ಕೊನೆಗೆ. "ನಮ್ಮ ದಾಜಿ ಡ್ಯೂಟಿ ಮ್ಯಾಲ ಮಲಗೂ ಮನಷ್ಯಾ ಅಲ್ಲ ಅಂತ ನನಗ ಮೊದಲ ದಿನಾನ ಗೊತ್ತಿತ್ತು."

ಮಾಮಾ ತಲೆ ಎತ್ತಿದ.

"ಗೊತ್ತಿದ್ದೂ ಬಾಗಲದಾಗ ನಿಂತು ಹಂಗ್ಯಾಕ ಅಂದೀಪಾ?" ಎಂದು ಕೇಳಿದವನು ನಾನು.

"ಅನ್ನಬೇಕಾತ್ರಿ. ದಾಜಿ ತಪ್ಪಿಲ್ಲ ಅಂದ್ರ ತಪ್ಪು ಕಾರ್ಖಾನಿದು ಅಂದಂಗ ಆಗತದ. ಅಲ್ಲಿ ನಿಂತೈತಲ್ಲ, ಆ ಕಬ್ಬ ಕಡ್ಯಾಕ ಟೋಳಿ ಕಳಸಾವ್ರು ಶೇತಕಿ ಸಾಹೇಬ್ರು. ಅವ್ರ ಜೋಡಿ ಮುಖ ಕೆಡಿಸಿಕೊಂಡ್ರ ಅದು ಬ್ಯಾಸಗಿತನಕಾ ಅಲ್ಲೇ ಒಣಗತದ. ದಾಜಿ ಜೋಡಿ ಮುಖ ಕೆಡಿಸಿಕೊಂಡ್ರ ನನ್ನ ಕಬ್ಬ ಹೊಲದಾಗ ನಿಲ್ಲೂದಿಲ್ರಿ."

ಎದ್ದು ಬಂದು ಮಾಮಾನ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಅವನ ಕಣ್ಣಲ್ಲೂ ನೀರಿತ್ತು, ಅದನ್ನು ನಾನು ಸುಳ್ಳು ಎನ್ನಲಾರೆ. ನಂತರ ರಸ್ತೆಯ ಕಡೆ ಒಮ್ಮೆ ನೋಡಿ, ದನಿ ಇಳಿಸಿದ.

"ದಾಜಿ, ಹಂಗಾಮ ಮುಗದು ಕಾರ್ಖಾನಿ ಬಂದ್ ಆಗೂತನಕಾ ನೀವು ಈ ಕಡೆ ಬರಬ್ಯಾಡ್ರಿ. ಅಕ್ಕನ್ನೂ ಕಳಸಬ್ಯಾಡ್ರಿ. ಯಾರರ ನೋಡಿದ್ರ ಸಾಹೇಬ್ರ ಕಿವಿಗೆ ಹೋಗತದ."

"ಆತು," ಎಂದ ಮಾಮಾ. ಅರ್ಧ ಕುಡಿದಿದ್ದ ಚಹಾ ಕೆಳಗಿಟ್ಟು, ಟೋಪಿ ಹಾಕಿಕೊಂಡು, ಯಾರಾದರೂ ನೋಡುವ ಮೊದಲೇ ಹೋಗೋಣ ಎಂದು ನನಗಿಂತ ಮುಂಚೆ ಬೈಕಿನ ಹತ್ತಿರ ನಡೆದ.